ಹೆಸರು ಹಾಕದ ಸುದ್ದಿ

ಲಾಕೌಟ್ ಶುರುವಾಗಿ ಐವತ್ತು ದಿನ ದಾಟಿತ್ತು. ತಂಡದ ಮಾಲೀಕರು ಪಿಟ್ಸ್‌ಬರ್ಗ್‌ನ ಕ್ರೀಡಾಂಗಣಕ್ಕೆ ಬೀಗ ಜಡಿದು, ಆಟಗಾರರ ಫೋನ್ ಎತ್ತಿದರೆ ದಂಡ ಎಂದು ಕೋಚ್‌ಗಳಿಗೆ ಕಟ್ಟಪ್ಪಣೆ ಮಾಡಿ ಕೂತಿದ್ದರು. ಹೊಸ ಒಪ್ಪಂದಕ್ಕೆ ಆಟಗಾರರ ಯೂನಿಯನ್ ತಲೆಬಾಗುವವರೆಗೆ ಹೀಗೇ ಅಂತೆ. ಟಿವಿಯಲ್ಲಿ ಮಿಂಚುತ್ತಿದ್ದ ಆರೂವರೆ ಅಡಿಯ ಆಳುಗಳು ಈಗ ಚರ್ಚಿನ ಹಿಂದಿನ ಹಳೇ ಜಿಮ್ಮಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು. ಪಾದ್ರಿ ಬಾಡಿಗೆ ಕೇಳಿರಲಿಲ್ಲ. ಆಟ ಮುಗಿದ ಮೇಲೆ ನೆಲ ಒರೆಸಿ ಹೋಗಬೇಕು, ಅಷ್ಟೇ.

ಒರೆಸುವ ಸರದಿ ಗೊತ್ತುಮಾಡುವವನು ಲೊನೆಲ್ ಬ್ಯಾಬಿನೋ. ಮೂವತ್ತೈದು ವರ್ಷ. ಈ ಆಟದಲ್ಲಿ ಅದು ಮುದಿ ವಯಸ್ಸೇ, ಹಾಗಾಗಿ ಎಲ್ಲರ ಬಾಯಲ್ಲೂ ಅವನು 'ಅಜ್ಜ'. ಯೂನಿಯನ್ನಿಗೆ ತಂಡದ ಪ್ರತಿನಿಧಿಯೂ ಅವನೇ. ಯಾರಿಗೆ ಏನೇ ಸಂಕಟವಿರಲಿ ಅವನ ಕಿವಿಗೆ ಹಾಕುತ್ತಿದ್ದರು, ಹಾಕಿದ್ದು ಅಲ್ಲೇ ಉಳಿಯುತ್ತದೆಂದು ನಂಬಿದ್ದರು. ಆ ನಂಬಿಕೆಯನ್ನು ಅಜ್ಜ ಹತ್ತು ದಿನದ ಹಿಂದೆ ಮುರಿದಿದ್ದ.

ಲಾಕೌಟ್ ಮುಗಿದದ್ದೇ ತಡ, ತಂಡ ಚೆಂಡು ನಡೆಸಿ ಆಡುವ ತನ್ನ ಇಬ್ಬರು ಗಾರ್ಡ್‌ಗಳಲ್ಲಿ ಒಬ್ಬನನ್ನು ಬೇರೆ ಊರಿನ ತಂಡಕ್ಕೆ ಕೊಟ್ಟುಬಿಡುತ್ತದೆ ಎಂದು ಗುಲ್ಲೆದ್ದಿತ್ತು. ಒಬ್ಬ ಲೊನೆಲ್, ಇನ್ನೊಬ್ಬ ಇಪ್ಪತ್ಮೂರರ ಕಸೀಮ್ ಟ್ರೂಸ್‌ಡೇಲ್. ಹದಿಮೂರು ವರ್ಷದಲ್ಲಿ ಐದು ಊರು ಸುತ್ತಿ ಲೊನೆಲ್‌ಗೆ ಸಾಕಾಗಿತ್ತು. ಮಗಳು ಈಗಷ್ಟೇ ಶಾಲೆಯಲ್ಲಿ ಗೆಳತಿಯರನ್ನು ಮಾಡಿಕೊಂಡಿದ್ದಳು. ಅದೇ ಹೊತ್ತಿಗೆ ಕಸೀಮ್ ಬಂದು ಪಕ್ಕದಲ್ಲಿ ಕೂತು ಗೋಳು ತೋಡಿಕೊಂಡ.

"ಅಜ್ಜಾ, ಆ ಕೋಚು ಹೋದ ಸೀಸನ್ನೆಲ್ಲ ನನ್ನ ಬೆಂಚಲ್ಲಿ ಕೂರಿಸಿ ಕೊಳೆಸ್ದ. ಒಂದೊಂದ್ಸಲ ಈ ಊರೇ ಬೇಡ ಅನ್ಸುತ್ತೆ. ಯಾರ ಹತ್ರಾನೂ ಬಾಯಿ ಬಿಡ್ಬೇಡ. ಅಣ್ಣ ಡ್ಯೂಯಿಗೆ ಬಿಟ್ರೆ ನಿಂಗೇ ಹೇಳಿರೋದು."

ಅಂದು ಸಂಜೆಯೇ ಪತ್ರಕರ್ತ ಗ್ಯಾರಿಟಿ ಫೋನ್ ಮಾಡಿದ. ಲೊನೆಲ್ ಬಾಯಿ ಬಿಟ್ಟ.

"ಆ ಹುಡುಗಂಗೆ ಇಲ್ಲಿರೋಕೆ ಇಷ್ಟ ಇಲ್ಲ. ನನ್ನ ಹೆಸರು ಹಾಕ್ಬೇಡ ಮತ್ತೆ."

"'ಸಹ ಆಟಗಾರ' ಅಂತ ಹಾಕ್ಲಾ?"

"ಅಯ್ಯೋ ಮಾರಾಯಾ, ನಾವಿರೋದೇ ಹದಿನೈದು ಜನ! 'ಟ್ರೂಸ್‌ಡೇಲ್‌ಗೆ ತೀರಾ ಹತ್ತಿರದವರೊಬ್ಬರು' ಅಂತ ಹಾಕು."

ಎಂಥಾ ಜಾಣತನ! ತನ್ನ ತಲೆ ಉಳಿಸಿಕೊಳ್ಳುವ ಅವಸರದಲ್ಲಿ ಆ ಮಾತು ಯಾರ ತಲೆಗೆ ಬೀಳುತ್ತದೆಂದು ಅವನು ಯೋಚಿಸಲೇ ಇಲ್ಲ. ಕಸೀಮ್‌ಗೆ ತೀರಾ ಹತ್ತಿರದವನು ಭೂಮಿಯ ಮೇಲೆ ಒಬ್ಬನೇ. ತಾಯಿ ಹೋದ ಮೇಲೆ ಅಡುಗೆ ಮಾಡಿ ಹಾಕಿ, ಅವನು ಎಸೆದ ಚೆಂಡನ್ನೆಲ್ಲ ಹೆಕ್ಕಿಕೊಟ್ಟು ಸಾಕಿದ ಅಣ್ಣ. ಸುದ್ದಿ ಬಂದ ದಿನವೇ ಕಸೀಮ್ ಡ್ಯೂಯಿಯ ಬಟ್ಟೆಯನ್ನೆಲ್ಲ ಕಸದ ಚೀಲಕ್ಕೆ ತುಂಬಿ ಹೊರಗಿಟ್ಟ. ಡ್ಯೂಯಿ ಆಣೆ ಮಾಡಿದ, ಅತ್ತ. ಬಾಗಿಲು ತೆರೆಯಲಿಲ್ಲ.

ಇದೆಲ್ಲ ಲೊನೆಲ್‌ಗೆ ಗೊತ್ತಿತ್ತು, ಏಕೆಂದರೆ ಕಸೀಮ್ ಅದನ್ನೂ ಬಂದು ಅವನಿಗೇ ಹೇಳಿದ್ದ. ಅಂದಿನಿಂದ ಅನ್ನ ನೀರು ರುಚಿಸುತ್ತಿರಲಿಲ್ಲ. ಆದರೂ ಯೂನಿಯನ್ ಸಭೆಯಲ್ಲಿ ಒಗ್ಗಟ್ಟಿನ ಬಗ್ಗೆ ಭಾಷಣ ಬಿಗಿಯುವುದನ್ನು ಬಿಟ್ಟಿರಲಿಲ್ಲ. ನಾಚಿಕೆಗೆಟ್ಟ ಬಾಯಿ!

ಇವತ್ತು ಆಟದ ನಡುವೆ ಡ್ಯೂಯಿ ಜಿಮ್ಮಿಗೆ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಗೆರೆಯಾಚೆಯೇ ನಿಂತ. ಅಂಗಿ ಎಷ್ಟು ದಿನದ್ದೋ. ಎಲ್ಲರೂ ಆಟ ನಿಲ್ಲಿಸಿದರು. ಕಸೀಮ್ ಬೆನ್ನು ತಿರುಗಿಸಿದ.

"ಅಜ್ಜಾ, ಏನ್ ಬೇಕಂತೆ ನೀನೇ ಕೇಳು."

"ನಾನೇ ಹೇಳಿದ್ದು ಕಣೋ," ಎಂದ ಡ್ಯೂಯಿ. "ಕಟಿಂಗ್ ಶಾಪಲ್ಲಿ ಬಾಯಿ ಜಾರ್ತು. ಅಲ್ಲಿಂದ ಪೇಪರ್ನೋರಿಗೆ ಹೋಗಿದೆ. ತಪ್ಪಾಯ್ತು."

ಇದು ಸುಳ್ಳೆಂದು ಲೊನೆಲ್‌ಗೆ ಗೊತ್ತಿತ್ತು. ಆದರೂ ಹಾಯೆನಿಸಿತು. ಹೌದು, ಹಾಯೆನಿಸಿತು. ಅಪರಾಧಿ ಸಿಕ್ಕಿಬಿಟ್ಟ, ಇನ್ನು ಯಾರೂ ಹುಡುಕುವುದಿಲ್ಲ ಎಂದು. ಇಂಥವನೂ ಒಬ್ಬ ಮನುಷ್ಯನೇ ಎಂದು ಅವನಿಗೇ ಅಸಹ್ಯವಾಯಿತು.

"ಏನ್ ಮಾಡ್ಲಿ ಅಜ್ಜಾ?" ಕಸೀಮ್ ಬೆನ್ನು ತಿರುಗಿಸಿಕೊಂಡೇ ಕೇಳಿದ. "ನೀನು ಹೇಳ್ದಂಗೆ ಕೇಳ್ತೀನಿ."

"ಕ್ಷಮಿಸ್ಬಿಡಪ್ಪ," ಎಂದ ಲೊನೆಲ್. ಎಷ್ಟು ಸಲೀಸಾಗಿ ಬಂತು ಆ ಮಾತು!

ಕಸೀಮ್ ನಿಧಾನಕ್ಕೆ ತಿರುಗಿ ತಲೆಯಾಡಿಸಿದ. ಡ್ಯೂಯಿ ನೆಟ್ಟಗೆ ಲೊನೆಲ್ ಹತ್ತಿರ ಬಂದು ಅವನ ಎರಡೂ ಕೈ ಹಿಡಿದುಕೊಂಡ.

"ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ನಿಮ್ಮ ಮಾತಂತ ಕೇಳ್ದ, ಇಲ್ದಿದ್ರೆ ನನ್ನ ಮುಖಾನೂ ನೋಡ್ತಿರ್ಲಿಲ್ಲ."

ಲೊನೆಲ್ ಕೈ ಬಿಡಿಸಿಕೊಂಡ.

"ಕಸೀಮ್, ಗ್ಯಾರಿಟಿಗೆ ಹೇಳಿದ್ದು ನಾನು. ನನ್ನ ಕಳಿಸ್ಬಾರ್ದು ಅಂತ ನಿನ್ನ ಹೆಸರು ಕೆಡಿಸ್ದೆ. 'ಹತ್ತಿರದವರು' ಅಂತ ಹಾಕ್ಸಿದ್ದೂ ನಾನೇ."

ಬೈಯಲಿ, ಎರಡು ಬಾರಿಸಲಿ ಎಂದು ಲೊನೆಲ್ ಕಾದು ನಿಂತ. ಕಸೀಮ್ ಅವನ ಕಡೆ ನೋಡಲೂ ಇಲ್ಲ. ಅವನ ಕಣ್ಣೆಲ್ಲ ಅಣ್ಣನ ಮೇಲೇ ಇತ್ತು.

"ಮತ್ತೆ ನೀನ್ಯಾಕೆ ಒಪ್ಕೊಂಡೆ?"

ಡ್ಯೂಯಿ ತಲೆ ತಗ್ಗಿಸಿದ.

"ನಿಜ ಹೇಳಿ ನೋಡ್ದೆ, ನೀನು ಬಾಗಿಲು ತೆಗೀಲಿಲ್ಲ. ನಂಗೆ ಮನೆಗೆ ಬರ್ಬೇಕಿತ್ತು ಕಣೋ."