ಹಿರಿಯರ ಕಾಯಿ ಒಡೆದ ಪಾದ್ರಿ

ಇನಾಸ ಲಡಾಯಿಯಲ್ಲಿ ಎಡಗಾಲಿನ ಮೂರು ಬೆರಳು ಕಳೆದುಕೊಂಡಿದ್ದ. ಹಠವನ್ನು ಮಾತ್ರ ಒಂದಿಷ್ಟೂ ಮುಕ್ಕಾಗದಂತೆ ಊರಿಗೆ ತಂದಿದ್ದ. ಎಪ್ಪತ್ತೊಂದರಲ್ಲಿ ಗಾಯವಾಗಿ ಪುಣೆಯ ಆಸ್ಪತ್ರೆಯಲ್ಲಿ ಆರು ತಿಂಗಳು ಮಲಗಿದ್ದಾಗ, ಪಕ್ಕದ ಮಂಚದ ಸಿಪಾಯಿ ಓದಿ ಹೇಳುತ್ತಿದ್ದ ಬೈಬಲ್ಲು ಅವನ ತಲೆಗೆ ಹತ್ತಿತು. ಹುಟ್ಟಿನಿಂದ ಕ್ರೈಸ್ತನೇ, ಆದರೂ ಅಲ್ಲಿಯವರೆಗೆ ಅವನ ಒಡನಾಟ ದೇವರಿಗಿಂತ ಸೆರೆಯ ಸೀಸೆಯ ಜೊತೆಗೇ ಹೆಚ್ಚಿತ್ತು. ಪಲ್ಟಣ ಬಿಟ್ಟು ಅತ್ತಿವೇರಿ ಕಡೆಯ ಕಾಡಂಚಿನ ತನ್ನ ಸಿದ್ದಿ ಹಳ್ಳಿಗೆ ಬಂದವನು ಒಂದು ಮಿಶನ್ನು ಸೇರಿ ಪಾದ್ರಿಯಾದ. ಮಿಶನ್ನಿನವರು ಅವನಿಗೆ ಒಂದು ಸೈಕಲ್ಲು ಕೊಟ್ಟರು, ಪೆಟ್ಟಿಗೆ ತುಂಬ ಪುಸ್ತಕ ಕೊಟ್ಟರು, ಒಂದು ಕಟ್ಟಪ್ಪಣೆಯನ್ನೂ ಕೊಟ್ಟರು. ಹಿರಿಯರ ಕಾಯಿಯನ್ನು ಇನ್ನು ಮುಟ್ಟಕೂಡದು.

ಆ ಹಳ್ಳಿಯ ಸಿದ್ದಿಗಳಲ್ಲಿ ಶಿಲುಬೆಗೆ ಕೈಮುಗಿಯುವವರಿದ್ದರು, ನಮಾಜು ಮಾಡುವವರಿದ್ದರು, ಹನುಮಪ್ಪನಿಗೆ ಎಣ್ಣೆ ಹಾಕುವವರೂ ಇದ್ದರು. ಆದರೆ ಮನೆಯ ಮೂಲೆಯ ಮಣ್ಣಿನ ಕಟ್ಟೆಯ ಮೇಲೆ ಸತ್ತ ಹಿರಿಯರ ಹೆಸರಿನಲ್ಲಿ ಒಂದು ತೆಂಗಿನಕಾಯಿ ಇಡುವುದರಲ್ಲಿ ಯಾರೂ ಬೇರೆಯಲ್ಲ. ಮಹಾನವಮಿಗೆ ಹಳೆಯ ಕಾಯಿ ಒಡೆದು, ಎಲ್ಲರೂ ಕೂಡಿ ತಿಂದು, ಹೊಸದನ್ನು ಇಡುತ್ತಾರೆ. ಇನಾಸ ಪಾದ್ರಿಯಾದ ವಾರದಲ್ಲೇ ತನ್ನ ಮನೆಯ ಕಾಯಿಯನ್ನು ಹಳ್ಳಕ್ಕೆ ಎಸೆದು ಬಂದ. ಅವನ ತಾಯಿ ಜಗಳವಾಡಲಿಲ್ಲ, ಅಳಲೂ ಇಲ್ಲ. ಅವನೊಡನೆ ಮಾತು ಬಿಟ್ಟಳು. ಎರಡು ವರ್ಷ ಒಂದೇ ಸೂರಿನಡಿ ಅವನಿಗೆ ಅನ್ನ ನೀಡಿದಳು, ಒಂದು ಮಾತೂ ಆಡದೆಯೇ ಸತ್ತಳು. ಅದು ಅವನೊಳಗೆ ಇನ್ನೂ ಉರಿಯುತ್ತಿತ್ತು, ಆದರೆ ಬಾಯಿಬಿಟ್ಟು ಯಾರಿಗೂ ಹೇಳುವ ಆಸಾಮಿಯಲ್ಲ ಅವನು.

ಎಪ್ಪತ್ತೇಳರ ಭಾದ್ರಪದದಲ್ಲಿ ಅವನ ದೊಡ್ಡಪ್ಪನ ಮಗಳು, ಗಂಡ ಸತ್ತ ಕಾತರಿನಾ, ಒಂದು ನೋಟೀಸು ಹಿಡಿದು ಅಂಗಳಕ್ಕೆ ಬಂದಳು. ಉಳುವವನಿಗೇ ಹೊಲ ಎಂದು ಕಾಯಿದೆ ಬಂದಿತ್ತಲ್ಲ, ತಾನು ಗೇಣಿ ಮಾಡುವ ಗದ್ದೆಗೆ ಅವಳೂ ಅರ್ಜಿ ಹಾಕಿದ್ದಳು. ಹಾಕಿಸಿದವನು ಇನಾಸನೇ. ಬರುವ ಗುರುವಾರ ಮುಂಡಗೋಡದ ಭೂ ನ್ಯಾಯಮಂಡಳಿಯಲ್ಲಿ ವಿಚಾರಣೆ. ಅವಳ ಮಾವ ಕಾಡು ಕಡಿದು ಮಾಡಿದ ಗದ್ದೆ ಅದು. ಕಾಗದದಲ್ಲಿ ಗದ್ದೆಯ ಒಡೆಯನಾದ ಧಣಿ ಮಾತ್ರ ಅವಳು ಗೇಣಿದಾರಳಲ್ಲ, ಬರೀ ಕೂಲಿಯವಳು ಎಂದು ಬರೆದುಕೊಟ್ಟಿದ್ದ.

“ಸಾಕ್ಷಿ ಹೇಳಾಕ ಒಬ್ಬರೂ ಒಲ್ಲೆ ಅಂತಾರ ತಮ್ಮಾ,” ಅಂದಳು ಕಾತರಿನಾ. “ಗದ್ದಿ ಹೋದ್ರ ನಾ ಎಲ್ಲಿಗಿ ಹೋಗ್ಲಿ?”

ಇನಾಸ ಬೂಟು ಹಾಕಿಕೊಂಡು ಮನೆಮನೆಗೆ ಹೋದ. ಧಣಿಯ ವಾಡೆಯ ಮುಂದೆ ಸಿದ್ದಿಗಳು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ ಕಾಲದಲ್ಲೂ ಅದೇ ಬೂಟು ಟಪಟಪ ಬಡಿಯುತ್ತ ಹೋಗುತ್ತಿದ್ದವನು ಅವನು. ಇಂದು ಮಾತ್ರ ಬೂಟಿನ ಸದ್ದು ಕೇಳಿ ಜನ ಹಿತ್ತಲ ಕಡೆ ಜಾರಿಕೊಂಡರು. ಕೊನೆಗೆ ಹಳ್ಳಿಯ ಹಿರೀಕ ಹುಸೇನಸಾಬ ಬಾಯಿ ಬಿಟ್ಟ.

“ಹೋದ ಸುಗ್ಗಿಗಿ ಧಣಿ ಬಂದಿದ್ದ. ಕುರಿ ಕೊಟ್ಟ, ಅಕ್ಕಿ ಕೊಟ್ಟ. ನಮ್ಮ ಮನಿ ಹಿರಿಯರ ಕಟ್ಟಿ ಮುಂದ ಕೈ ಮುಗದು ಕುಂತ. ‘ಯಾರ ಕಡಿಂದನೂ ನನ್ನ ವಿರುದ್ಧ ಸಾಕ್ಷಿ ಹೇಳೂದಿಲ್ಲಂತ ಕಾಯಿ ಮುಟ್ರಿ, ನಾ ನಿಮ್ಮ ಮನಿ ಮಗಾ ಇದ್ದಂಗ’ ಅಂದ. ನಮಗೇನು ಗೊತ್ತು, ಕಾತರಿನಾನ ಗದ್ದಿ ಸುತ್ತಲಿನ ಐದೂ ಮನಿಯವರು ಮುಟ್ಟಿದ್ವಿ.”

ಇನಾಸನಿಗೆ ಮೈ ಉರಿದುಹೋಯಿತು. ಧಣಿ ಶಾಣ್ಯಾ. ಇವರು ಪೊಲೀಸರಿಗೆ ಹೆದರದಿದ್ದರೂ ಹಿರಿಯರಿಗೆ ಹೆದರುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಹಿರಿಯರನ್ನು ಕಂಡರಾಗದ ಪಾದ್ರಿಗಿಂತ, ಹಿರಿಯರ ಮುಂದೆ ಕೈಮುಗಿದು ಕುಳಿತ ಧಣಿಯೇ ಈ ಜನವನ್ನು ಚೆನ್ನಾಗಿ ಓದಿಕೊಂಡಿದ್ದ.

ಆ ಭಾನುವಾರ ಪ್ರಾರ್ಥನೆಗೆ ಬಂದವರಿಗೆ ಇನಾಸ ಕವಾಯತು ಮಾಡಿಸುವವನಂತೆ ಕೂಗಿ ಉಪದೇಶ ಮಾಡಿದ. ಸತ್ಯ ಹೇಳಲು ಹೆದರುವವನು ದೇವರ ಮುಂದೆ ಹೇಗೆ ನಿಂತಾನು ಎಂದ. ಕಾಯಿಗೆ ಕಣ್ಣಿಲ್ಲ, ಕಿವಿಯಿಲ್ಲ ಎಂದ. ಎಲ್ಲರೂ ತಲೆದೂಗಿ ಆಮೆನ್ ಅಂದರು. ಹೊರಗೆ ಬಂದು ಕೇಳಿದರೆ ಒಬ್ಬನೂ ಮುಂಡಗೋಡದ ಬಸ್ಸು ಹತ್ತಲು ತಯಾರಿರಲಿಲ್ಲ.

ಬುಧವಾರ ಬೆಳಿಗ್ಗೆ ಅವನು ಮತ್ತೆ ಹುಸೇನಸಾಬನ ಮನೆಗೆ ಹೋದ.

“ಮಾಮಾ, ಕಾಯಿ ಮುಟ್ಟಿದ ಆಣಿ ಎಲ್ಲೀತನಕ?”

“ಕಾಯಿ ಇರೂತನಕ. ಮಹಾನವಮಿಗಿ ಕಾಯಿ ಒಡದ್ರ ಆಣಿನೂ ಬಿಟ್ಟಂಗ. ಆದ್ರ ಮಹಾನವಮಿಗಿ ಇನ್ನೂ ಒಂದ ತಿಂಗಳೈತಿ.”

“ಮೊದಲ ಒಡದ್ರ?”

ಹುಸೇನಸಾಬ ಕಿವಿ ಮುಟ್ಟಿಕೊಂಡ. “ಹೊತ್ತಲ್ಲದ ಹೊತ್ತಿನ್ಯಾಗ ಒಡದ್ರ ಆಣಿ ಬಿಡತೈತಿ, ಖರೆ. ಹಿರಿಯರ ಸಿಟ್ಟು ಮಾತ್ರ ಒಡದವನ ತಲಿ ಮ್ಯಾಲ. ಅವನೊಬ್ಬನ ತಲಿ ಮ್ಯಾಲ. ಯಾಂವ ಒಡದಾನು?”

ಇನಾಸ ಮೂಲೆಯ ಕಟ್ಟೆಯ ಮೇಲಿನ ಕಾಯಿ ನೋಡಿದ. ಕಾಯಿ ಮುಟ್ಟಿದರೆ ಮಿಶನ್ನು ತನ್ನನ್ನು ಇಟ್ಟುಕೊಳ್ಳುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಐದು ವರ್ಷ ಮಳೆ ಬಿಸಿಲೆನ್ನದೆ ಸೈಕಲ್ಲು ತುಳಿದು ಕಟ್ಟಿದ ಬದುಕು ಅದು. ಅದಕ್ಕಾಗಿ ಹೆತ್ತ ತಾಯಿಯ ಮಾತನ್ನೇ ಕಳೆದುಕೊಂಡಿದ್ದ. ಈಗ ಅದೇ ಕಾಯಿಗೆ ಕೈ ಹಾಕುವುದಾದರೆ ತಾಯಿಯ ಎರಡು ವರ್ಷದ ಮೌನ ಯಾವ ಪುರುಷಾರ್ಥಕ್ಕೆ ಎಂದು ತನ್ನನ್ನೇ ಕೇಳಿಕೊಂಡ.

“ಐದೂ ಮನಿಯವರನ್ನ ಕರಿ,” ಅಂದ.

ಎಲ್ಲರೂ ಬಂದು ನಿಂತಾಗ ಅವನು ಬೂಟು ಬಿಚ್ಚಿದ. ಅವನ ಮೊಂಡು ಪಾದವನ್ನು ಹಳ್ಳಿಯವರು ನೋಡಿದ್ದು ಅದೇ ಮೊದಲು. ಕಟ್ಟೆಯಿಂದ ಕಾಯಿ ಎತ್ತಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ.

“ನನಗ ಇದರ ಹೆದರಿಕಿ ಇಲ್ಲ. ನಿಮಗೈತಿ. ನಿಮ್ಮ ಹೆದರಿಕಿ ನಾ ಹೊರತೇನಿ. ಶಾಪ ಇದ್ರ ನನ್ನ ತಲಿ ಮ್ಯಾಲ ಬರ್ಲಿ, ಆಣಿ ಮುರದ ಪಾಪನೂ ನನ್ನ ತಲಿ ಮ್ಯಾಲ ಬರ್ಲಿ. ನಾಳೆ ನೀವು ಖರೆ ಹೇಳ್ರಿ, ಸಾಕು.”

ಹೊಸ್ತಿಲ ಕಲ್ಲಿಗೆ ಒಂದೇ ಏಟು. ಕಾಯಿ ಎರಡು ಹೋಳಾಯಿತು. ಹುಸೇನಸಾಬನ ಹೆಂಡತಿ ಹಜರಾಬಿ ಕೊಬ್ಬರಿ ಎಬ್ಬಿಸಿ ಹಂಚಿದಳು. ತಿಂದರೇ ಆಣೆ ಮುಗಿದಂತೆ, ಆದರೆ ಯಾರೂ ಬಾಯಿಗೆ ಹಾಕಲಿಲ್ಲ, ಎಲ್ಲರ ಕಣ್ಣೂ ಅವನ ಮೇಲೆ. ಇನಾಸ ತನ್ನ ಚೂರನ್ನು ಬಾಯಿಗೆ ಹಾಕಿ ಅಗಿದ. ಚಿಕ್ಕಂದಿನಲ್ಲಿ ಮಹಾನವಮಿಗೆ ಅವ್ವ ಸೆರಗಿನಲ್ಲಿ ಕಟ್ಟಿಟ್ಟು ಕೊಡುತ್ತಿದ್ದ ಕೊಬ್ಬರಿಯದೇ ರುಚಿ. ಅವನ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಕೊಳ್ಳಲೂ ಹೋಗಲಿಲ್ಲ. ಆಮೇಲೆ ಹುಸೇನಸಾಬ ತನ್ನ ಚೂರನ್ನು ಬಾಯಿಗೆ ಹಾಕಿದ, ಹಿಂದೆಯೇ ಉಳಿದವರೂ.

ಗುರುವಾರ ಮುಂಡಗೋಡದ ಕಚೇರಿಯಲ್ಲಿ ಧಣಿ ಎಲೆಯಡಿಕೆ ಮೆಲ್ಲುತ್ತ ನಿಶ್ಚಿಂತೆಯಿಂದ ಕುಳಿತಿದ್ದ. ಸಾಕ್ಷಿಗೆ ಹುಸೇನಸಾಬ ಎದ್ದು ನಿಂತಾಗ ಧಣಿಯ ದವಡೆ ನಿಂತಿತು.

“ಹುಸೇನಸಾಬ, ಹಿರಿಯರ ಆಣಿ ನೆನಪೈತಿಲ್ಲೊ?”

“ಆ ಕಾಯಿ ತಿಂದು ಅರಗಿಸ್ಕೊಂಡ್ವಿರಿ ಧಣ್ಯಾರ,” ಅಂದ ಮುದುಕ. ಆಮೇಲೆ ಮಂಡಳಿಯ ಸದಸ್ಯರ ಕಡೆ ತಿರುಗಿದ. “ಸಾಹೇಬ್ರ, ಈಕಿ ಮನಿ ಗೇಣಿ ಭತ್ತ ವರ್ಷಾ ವಾಡೇಕ್ಕ ಹೊತ್ತು ಹಾಕಿದವರು ನಾವ ಐದು ಮನಿಯವರು. ಕೂಲಿಯವರು ಗೇಣಿ ಕೊಡ್ತಾರೇನ್ರಿ?”

ಉಳಿದ ನಾಲ್ವರೂ ಅದನ್ನೇ ಹೇಳಿದರು. ಗದ್ದೆ ಕಾತರಿನಾಳ ಹೆಸರಿಗೆ ಆಯಿತು.

ಸುದ್ದಿ ಮಿಶನ್ನಿಗೆ ಮುಟ್ಟಲು ತಡವಾಗಲಿಲ್ಲ. ಎರಡು ವಾರದಲ್ಲಿ ಅಲ್ಲಿಯ ದೊಡ್ಡ ಪಾದ್ರಿ ಅಯ್ಯನವರು ಜೀಪಿನಲ್ಲಿ ಬಂದು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು.

“ಕಾಯಿ ಮುಟ್ಟಿದ್ದು ಖರೆ ಏನು?”

“ಮುಟ್ಟಿದೆ, ಒಡದೆ, ತಿಂದೆ ರೀ.”

“ತಪ್ಪಾತು ಅಂತ ಬರದು ಕೊಡು. ಮುಂದಿಂದು ನಾ ನೋಡ್ಕೊಂತೇನಿ.”

“ತಪ್ಪು ಮಾಡಿಲ್ಲರಿ ಅಯ್ಯನವರ. ಮಂದಿ ಶಾಪ ತನ್ನ ತಲಿ ಮ್ಯಾಲ ಹಾಕ್ಕೊಂಡವನ ಕತಿ ಹೇಳಾಕ ನನ್ನ ಊರೂರು ತಿರುಗಿಸಿದವರು ನೀವ. ಐದು ವರ್ಷ ಬಾಯಿಲೆ ಹೇಳಿದೆ. ಒಂದ್ಸಲ ಮಾಡಿದೆ.”

ಅಯ್ಯನವರ ಮುಖ ಕೆಂಪೇರಿತು. “ಯೇಸುಸ್ವಾಮಿ ಜೋಡಿ ನಿನ್ನ ಹೋಲಿಸ್ಕೊಳ್ಳಾಕತ್ತಿ ಏನು?”

“ಎಲ್ಲೀದರಿ. ಆತ ಪ್ರಾಣ ಕೊಟ್ಟ. ನಾ ಸೈಕಲ್ ಕೊಡಾಕತ್ತೇನಿ.”

ಒಳಗಿನಿಂದ ಸೈಕಲ್ಲು ತಂದು ತಾನೇ ಜೀಪಿನ ಹಿಂದೆ ಎತ್ತಿ ಹಾಕಿದ. ಪುಸ್ತಕದ ಪೆಟ್ಟಿಗೆಯನ್ನೂ ಇಟ್ಟ. ಆಸ್ಪತ್ರೆಯಲ್ಲಿ ಆ ಸಿಪಾಯಿ ಕೊಟ್ಟಿದ್ದ ಹರಕು ಬೈಬಲ್ಲನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡ. ಮರು ಭಾನುವಾರ ಕಾತರಿನಾಳ ಗದ್ದೆಯ ಬದುವಿನ ಮೇಲೆ ಪ್ರಾರ್ಥನೆ ಮಾಡಿಸಿದ.

ಮಹಾನವಮಿಯ ದಿನ ಹುಸೇನಸಾಬ ಹೊಸ ಕಾಯಿ ಹಿಡಿದು ಅವನ ಬಾಗಿಲಿಗೆ ಬಂದ. ಅವ್ವನ ಮೂಲೆಯ ಕಟ್ಟೆ ಇನ್ನೂ ಖಾಲಿ ಇತ್ತು.

“ಈಗರ ಇಡತೀಯೇನು ಇನಾಸಾ?”

“ಇಡೂದಕ್ಕ ನನ್ನ ಕರೀಬ್ಯಾಡ ಮಾಮಾ,” ಅಂದ ಇನಾಸ, ಬೂಟಿನ ಲಾಡಿ ಬಿಗಿಯುತ್ತ. “ಒಡಿಯೂದು ಬಂದ್ರ ಕರಿ, ಬರ್ತೇನಿ.”