ಅರ್ಧ ಕೇಳಿದ ಪ್ರಶ್ನೆ

ಸಲೂನಿನಲ್ಲಿ ಎಲ್ಲರೂ ಅವಳನ್ನು ಪ್ರಶ್ನೆ ಮೇಡಂ ಎಂದೇ ಕರೆಯುತ್ತಿದ್ದರು. ಕೌಂಟರಿನ ಮೇಲಿದ್ದ ಅಂಗಡಿಯ ಫೋನಿನಲ್ಲಿ ಒಂದು ಚಾಟ್‌ಬಾಟ್ ಇತ್ತು. ಅದನ್ನು ಅವಳಷ್ಟು ಚೆನ್ನಾಗಿ ಮಾತಾಡಿಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡುವ ಕತ್ತರಿಯವಳು ಒಮ್ಮೆ 'ಕೂದಲು ಉದುರುತ್ತೆ, ಏನು ಮಾಡಲಿ' ಎಂದಷ್ಟೇ ಬರೆದು, ಗಾವುದ ಉದ್ದದ ಉತ್ತರ ಬಂದದ್ದನ್ನು ನೋಡಿ ಪಿಳಿಪಿಳಿ ಕಣ್ಣು ಬಿಡುತ್ತಿದ್ದಾಗ ಇವಳು ಫೋನು ಕಿತ್ತುಕೊಂಡಿದ್ದಳು.

"ಯಾರ ಕೂದಲು? ವಯಸ್ಸೆಷ್ಟು? ಯಾವಾಗಿಂದ ಉದುರ್ತಿದೆ? ಮಾತ್ರೆ ಗೀತ್ರೆ ಏನಾದ್ರೂ ತಗೋತಾರಾ? ನೀನು ಹೇಳದೇ ಇದ್ದದ್ದು ಗೊತ್ತಾಗೋಕೆ ಅದಕ್ಕೇನು ದಿವ್ಯದೃಷ್ಟಿ ಇದೆಯೇನೇ? ಎಲ್ಲಾ ಬಿಡಿಸಿ ಹೇಳು. ಆಮೇಲೆ ಅದು ಹೇಳಿದ್ದನ್ನ ಕೊನೇವರೆಗೂ ಓದು. ಮೇಲಿನ ನಾಲ್ಕು ಸಾಲು ಓದಿ ಓಡಬೇಡ!"

ಊರಿಗೆಲ್ಲ ಹೀಗೆ ಪಾಠ ಹೇಳುತ್ತಿದ್ದವಳ ಬುದ್ಧಿ, ಸ್ವಂತ ಅಕ್ಕನ ವಿಷಯ ಬಂದಾಗ ಹುಲ್ಲು ಮೇಯಲು ಹೋಗಿತ್ತಲ್ಲ!

ಅಕ್ಕ ಶಾಲೆಯ ವ್ಯಾನ್ ಓಡಿಸುವವಳು. ಹೋದ ವರ್ಷ ಅವಳಿಗೆ ಕ್ಯಾನ್ಸರ್ ಬಂತು. ಚಿಕಿತ್ಸೆಗೆ ರಜೆ ಹಾಕುವಾಗ, ದೂರದೂರಿನ ಚಿಕ್ಕಮ್ಮನಿಗೆ ಹುಷಾರಿಲ್ಲ, ನೋಡಿಕೊಳ್ಳಲು ಹೋಗುತ್ತೇನೆ ಎಂದು ಎಲ್ಲರಿಗೂ ಹೇಳಿದಳು. ಅಂಥ ಚಿಕ್ಕಮ್ಮ ಹುಟ್ಟೇ ಇರಲಿಲ್ಲ. ನಿಜ ಗೊತ್ತಿದ್ದದ್ದು ಆಸ್ಪತ್ರೆಯವರನ್ನು ಬಿಟ್ಟರೆ ತಂಗಿಗೆ ಮಾತ್ರ.

ಕೀಮೋ ಶುರುವಾಗಿ ಕೂದಲು ಹಿಡಿಹಿಡಿಯಾಗಿ ಕೈಗೆ ಬರತೊಡಗಿದಾಗ, ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ತಲೆ ಬೋಳಿಸಿದವಳೂ ತಂಗಿಯೇ. "ಹುಟ್ಟಿದಾಗ್ಲೂ ನೀನು ಹೀಗೇ ಇದ್ದೆಯಂತೆ, ಅಮ್ಮ ಹೇಳ್ತಿದ್ಲು" ಎಂದು ತಂಗಿ ಹೇಳಿದ್ದಕ್ಕೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಕ್ಕು ಮುಗಿದ ಮೇಲೆ ಅತ್ತಿದ್ದರು.

ಚಿಕಿತ್ಸೆ ಮುಗಿದು ಕೂದಲು ಮತ್ತೆ ಬಂತು. ಬೆರಳ ಗೆಣ್ಣಿನಷ್ಟು ಉದ್ದ, ಅಚ್ಚ ಬಿಳಿ, ಎಳೆ ಮಗುವಿನದರಂತೆ ಮೆತ್ತಗೆ. ಅಕ್ಕ ದಿನಕ್ಕೆ ಹತ್ತು ಸಲ ಅದನ್ನು ಸವರಿಕೊಳ್ಳುವಳು. ಸೋಮವಾರ ಶಾಲೆ ತೆರೆಯುವುದಿತ್ತು.

"ಇದನ್ನ ಕಪ್ಪು ಮಾಡಿಕೊಡು" ಎಂದಳು ಶನಿವಾರ. "ಸುಮ್ಮನೆ ಗಿಡ್ಡ ಕತ್ತರಿಸಿಕೊಂಡೆ ಅಂತೀನಿ. ಬಿಳಿ ತಲೆ ಹೊತ್ತುಕೊಂಡು ಹೋದ್ರೆ ಮೊದಲನೇ ಸ್ಟಾಪಲ್ಲೇ ಕೇಳ್ತಾರೆ. ಕಾಯಿಲೆಯವಳ ವ್ಯಾನಿಗೆ ಯಾವ ತಾಯಿ ಮಗು ಹತ್ತಿಸ್ತಾಳೆ ಹೇಳು? ಯಾರಿಗೂ ಗೊತ್ತಾಗಬಾರದು ಕಣೇ."

"ನನ್ನ ಬಾಯಿಗೆ ಬೀಗ" ಎಂದಳು ತಂಗಿ.

ಆದರೂ ಆ ಕೂದಲು ಮುಟ್ಟಿದಾಗಿನಿಂದ ಅವಳಿಗೊಂದು ಅಳುಕಿತ್ತು. ಅಂಗಡಿಗೆ ಬಂದು ಫೋನು ಹಿಡಿದಳು. ಐವತ್ತರ ಹೆಂಗಸು, ಗಿಡ್ಡ ಬಿಳಿ ಕೂದಲು, ತುಂಬ ಮೆದು, ಮೊದಲು ಇದೇ ಕಪ್ಪು ಬಣ್ಣ ಹಾಕುತ್ತಿದ್ದರು ಎಂದೆಲ್ಲ ಬರೆದಳು. ಕೊನೆಗೆ 'ಕೀಮೋ' ಎಂದು ಬರೆದವಳು ಅಲ್ಲೇ ನಿಂತಳು. ಅಂಗಡಿಯ ಫೋನು ಎಲ್ಲರ ಕೈಗೂ ಹೋಗುವಂಥದ್ದು. ಯಾರು ಏನು ಕೇಳಿದರೂ ಅದರಲ್ಲಿ ಹಾಗೇ ಉಳಿಯುತ್ತಿತ್ತು. ಬಿಡುವಿದ್ದಾಗ ಕತ್ತರಿಯವಳು ಅದನ್ನೆಲ್ಲ ಗಟ್ಟಿಯಾಗಿ ಓದಿ ನಗುವವಳು. ಕುರ್ಚಿಯಲ್ಲಿ ಕೂರುವವರೋ, ಅರ್ಧಕ್ಕರ್ಧ ಜನ ವ್ಯಾನಿನ ಮಕ್ಕಳ ತಾಯಂದಿರು. ಅವಳು ಆ ಮಾತನ್ನು ಅಳಿಸಿಬಿಟ್ಟು, 'ಎಷ್ಟು ಹೊತ್ತು ಬಿಡಬೇಕು' ಎಂದಷ್ಟೇ ಕೇಳಿದಳು. ಅಯ್ಯೋ, ಅವಳ ಸ್ವಂತ ಫೋನು ಪಕ್ಕದ ಕೈಚೀಲದಲ್ಲೇ ಇತ್ತು! ಅದು ಆಗ ಹೊಳೆಯಲೇ ಇಲ್ಲ.

ಉತ್ತರ ಬಂತು. ಯಾವ ಅಳತೆಯಲ್ಲಿ ಕಲಸಬೇಕು, ಎಷ್ಟು ನಿಮಿಷ ಬಿಡಬೇಕು, ಎಲ್ಲ ಚೊಕ್ಕಟವಾಗಿತ್ತು. ಕೆಳಗೆ ಇನ್ನಷ್ಟು ಸಾಲುಗಳಿದ್ದವು: ಮೊದಲು ಹಾಕಿದ ಬಣ್ಣವಾದರೂ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಿರಿ, ಇತ್ತೀಚೆಗೆ ಕಾಯಿಲೆ, ಚಿಕಿತ್ಸೆ ಏನಾದರೂ ಆಗಿದ್ದರೆ ವೈದ್ಯರನ್ನು ಕೇಳದೆ ಹಾಕಬೇಡಿ, ಜೋರಾಗಿ ಉರಿದರೆ ತಕ್ಷಣ ತೊಳೆಯಿರಿ. ಅವಳು 'ಎರಡು ದಿನ' ಎಂಬಲ್ಲಿಗೇ ಓದು ನಿಲ್ಲಿಸಿ, ಅಳತೆಯನ್ನು ಗುರುತಿಟ್ಟುಕೊಂಡು ಫೋನು ಕೆಳಗಿಟ್ಟಳು. ಎರಡು ದಿನ ಕಾಯಲು ಪುರುಸೊತ್ತೆಲ್ಲಿತ್ತು? ಇಷ್ಟು ವರ್ಷ ಇದೇ ತಲೆಗೆ ಇದೇ ಬಣ್ಣ ಹಚ್ಚಿದವಳು ತಾನೇ ಅಲ್ಲವೇ?

ಭಾನುವಾರ ಮುಚ್ಚಿದ ಅಂಗಡಿಯ ಬಾಗಿಲು ತೆಗೆದು ಅಕ್ಕನನ್ನು ಕನ್ನಡಿಯ ಮುಂದೆ ಕೂರಿಸಿದಳು. ಬಣ್ಣ ಹಚ್ಚಿ ಸ್ವಲ್ಪ ಹೊತ್ತಾಗಿತ್ತು.

"ಉರೀತಿದೆ ಕಣೇ" ಎಂದಳು ಅಕ್ಕ.

"ಸ್ವಲ್ಪ ಉರಿಯುತ್ತೆ, ತಡ್ಕೋ. ಫೋನೂ ಹಾಗೇ ಹೇಳಿದೆ."

ಫೋನು ಹಾಗೆ ಹೇಳಿರಲಿಲ್ಲ. ಅಕ್ಕನಿಗೆ ತಂಗಿಯ ಮೇಲೆ ನಂಬಿಕೆ. ಹಲ್ಲುಕಚ್ಚಿ ಕೂತಳು. ತೊಳೆದ ಮೇಲೆ ಕನ್ನಡಿ ನೋಡಿ, "ಹತ್ತು ವರ್ಷ ಕಡಿಮೆಯಾಯ್ತು ನೋಡು!" ಎಂದು ಕತ್ತು ಆಕಡೆ ಈಕಡೆ ತಿರುಗಿಸಿದಳು. ಆ ಸಂಜೆ ವ್ಯಾನನ್ನೂ ತೊಳೆದಿಟ್ಟಳು.

ಸೋಮವಾರ ಬೆಳಿಗ್ಗೆ ಅವಳ ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ನೆತ್ತಿಯ ತುಂಬ ಗುಳ್ಳೆಗಳೆದ್ದು ನೀರು ಸೋರುತ್ತಿತ್ತು.

"ಯಾರಮ್ಮ ಬಣ್ಣ ಹಾಕಿದ್ದು?" ಡಾಕ್ಟರು ಗದರಿದರು. "ಕೀಮೋ ಆದ ತಲೆ ಅಂತ ಅವರಿಗೆ ಹೇಳ್ಲಿಲ್ವಾ?"

ತಂಗಿ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅವಳ ಕೈ ಅದುಮಿದಳು. "ಇಲ್ಲ ಡಾಕ್ಟ್ರೇ. ಅವರಿಗೆ ಗೊತ್ತಿರಲಿಲ್ಲ."

ತಂಗಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಹೊರಗೆ ಬೆಂಚಿನ ಮೇಲೆ ಕೂತು ತನ್ನ ಫೋನು ತೆಗೆದಳು. ಕಾಯಿಲೆ, ಚಿಕಿತ್ಸೆ, ಹೊಸ ಕೂದಲು, ಯಾವುದನ್ನೂ ಮುಚ್ಚಿಡದೆ ಬರೆದು, ಬಣ್ಣ ಹಾಕಬಹುದೇ ಎಂದು ಕೇಳಿದಳು. 'ಈಗಲೇ ಹಾಕಬೇಡಿ' ಎಂಬುದೇ ಉತ್ತರದ ಮೊದಲ ಸಾಲು. ಕೊನೆಯ ಸಾಲಿನವರೆಗೂ ಓದಿದಳು, ಕಣ್ಣು ಮಂಜಾದರೂ ಓದಿದಳು. ಈಗ ಓದಿ ಏನು ಬಂತು ಭಾಗ್ಯ?

ವ್ಯಾನು ಬಾರದ್ದಕ್ಕೆ ತಾಯಂದಿರು ಫೋನು ಮಾಡಿದರು. ಅಕ್ಕ ಆಸ್ಪತ್ರೆಯಲ್ಲಿದ್ದಾಳೆ ಎಂದು ತಂಗಿ ಹೇಳಲೇಬೇಕಾಯಿತು, ಮುಚ್ಚಿಟ್ಟದ್ದೆಲ್ಲ ಮಧ್ಯಾಹ್ನದೊಳಗೆ ಬಯಲಾಯಿತು. ಬೇರೊಬ್ಬ ಡ್ರೈವರ್ ಬಂದ. ಮಾರನೆಯ ದಿನ ಒಬ್ಬ ತಾಯಿ ಸಲೂನಿಗೇ ಬಂದಳು.

"ನಮಗೊಂದು ಮಾತು ಹೇಳಬಾರದಿತ್ತಾ? ನಾವೇನು ಅವರನ್ನ ತಿಂದುಬಿಡ್ತಿದ್ವಾ? ನನ್ನ ಮಗಳು ಹೊಸ ಡ್ರೈವರ್ ಜೊತೆ ಹೋಗಲ್ಲ ಅಂತ ಗೇಟು ಹಿಡ್ಕೊಂಡು ಅಳ್ತಿದಾಳೆ."

ಕತ್ತರಿಯವಳು ಅಂಗಡಿಯ ಫೋನನ್ನು ಸದ್ದಿಲ್ಲದೆ ಡ್ರಾಯರಿನೊಳಗೆ ಇಟ್ಟಳು.

ಗಾಯಕ್ಕೆ ಮುಲಾಮು ಹಚ್ಚಲು ಕೂದಲು ತೆಗೆಯಲೇಬೇಕಿತ್ತು. ನರ್ಸ್ ಬೇಡ, ನನ್ನ ತಂಗಿಯೇ ತೆಗೆಯಲಿ ಎಂದಳಂತೆ ಅಕ್ಕ. ಅದೇ ಅಡುಗೆಮನೆ, ಅದೇ ಕುರ್ಚಿ. ತಂಗಿ ಹೆಗಲಿಗೆ ಬಟ್ಟೆ ಹೊದಿಸಿ ಕತ್ತರಿ ಹಿಡಿದಳು. ಅಕ್ಕ ತಿಂಗಳುಗಟ್ಟಲೆ ಕಾದು ಪಡೆದ ಕೂದಲು ಅಂಟಂಟಾಗಿ ನೆಲಕ್ಕೆ ಬೀಳುತ್ತಿತ್ತು. ಈ ಸಲ ಯಾರೂ ನಗಲಿಲ್ಲ.

"ನಾನು ಆ ಫೋನಿಗೆ ನಿಜ ಹೇಳಲಿಲ್ಲ ಅಕ್ಕಾ" ಎಂದಳು ತಂಗಿ. "ಕೀಮೋ ಅಂತ ಬರೆದು ಅಳಿಸಿದೆ. ಯಾರಾದ್ರೂ ನೋಡ್ತಾರೆ ಅಂತ."

"ಯಾರಿಗೂ ಹೇಳಬೇಡ ಅಂದದ್ದು ನಾನೇ ತಾನೇ" ಎಂದಳು ಅಕ್ಕ. ಆಮೇಲೆ ಮೆಲ್ಲಗೆ, "ಆದ್ರೆ ಉರೀತಿದೆ ಅಂತ ನಾನು ನಿನಗೆ ಹೇಳಿದ್ದೆ ಕಣೇ" ಎಂದಳು.

ತಂಗಿ ಕತ್ತರಿ ಎತ್ತಿ ಹಿಡಿದು, ಅಕ್ಕನ ಎದುರಿಗೆ ಬಂದು, ನೆಲದ ಮೇಲೆ ಕೂತಳು.

"ಈಗ ಉರೀತಿದೆಯಾ ಅಕ್ಕಾ?"

"ಹೂಂ."

ತಂಗಿ ಕತ್ತರಿಯನ್ನು ಕೆಳಗಿಟ್ಟಳು. ಅರ್ಧ ಬೋಳಾದ ತಲೆಯ ಅಕ್ಕ 'ಉರಿ ಇಳೀತು, ಇನ್ನು ಕತ್ತರಿಸು' ಎಂದು ಹೇಳುವವರೆಗೆ ಅವಳ ಎದುರಲ್ಲೇ ಕಾಯುತ್ತ ಕೂತಳು.