ಹೊಲಿಗೆ ತೀಡುವ ಹೆಬ್ಬೆರಳು

ಟ್ರಯಲ್ ರೂಮಿನ ಪರದೆ ಎಳೆದುಕೊಂಡು ಅವಳು ಕನ್ನಡಿಯ ಮುಂದೆ ಬಟ್ಟೆ ಸರಿಸಿ ನೋಡಿದಳು. ಹೊಕ್ಕುಳಿನ ಎರಡೂ ಪಕ್ಕ ಕಪ್ಪುನೀಲಿ ಕಲೆಗಳು, ಅದರಲ್ಲಿ ಒಂದೆರಡಂತೂ ಅಂಗೈಯಷ್ಟು ಅಗಲ. ಹೊರಗೆ ಅಂಗಡಿಯಲ್ಲಿ ಓಡುತ್ತಿದ್ದ ಗಂಡನ ಹೊಲಿಗೆ ಮಿಷನ್ನು ನಿಂತಿತು.

"ಇಂಜೆಕ್ಷನ್ ಹೊತ್ತಾಯ್ತು," ಎನ್ನುತ್ತಾ ಒಳಗೆ ಬಂದವನ ಮುಖ ಸಪ್ಪಗಾಯಿತು. "ಇವತ್ತು ಬೇಡ ಕಣೇ. ನನ್ನ ಕೈಯಾರೆ ನಿನ್ನ ಮೈ ಹೀಗೆ ಮಾಡ್ತಿದೀನಿ. ನನ್ನಿಂದಾಗಲ್ಲ."

ಬೀದಿಯವರ ಅಳತೆಯನ್ನೆಲ್ಲ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡ ಟೈಲರ್ ಅವನು. ಪಕ್ಕದಲ್ಲೇ ಕೂತು ಕಾಜಾ, ಗುಂಡಿ ನೋಡಿಕೊಳ್ಳುವವಳು ಹೆಂಡತಿ. ಮೂರು ಸಲ ಬಸಿರಾಗಿ ಮೂರು ಸಲವೂ ಕಳೆದುಕೊಂಡಿದ್ದಳು. ಕಾರಣ ಹೇಳುವವರಿಗೇನೂ ಬರವಿರಲಿಲ್ಲ. ಭಾರ ಎತ್ತಿರಬೇಕು, ಮಿಷನ್ ತುಳಿದಿರಬೇಕು, ಒಟ್ಟಿನಲ್ಲಿ ತಪ್ಪು ಅವಳದೇ ಇರಬೇಕು. ಇಬ್ಬರ ವರ್ಣತಂತುಗಳನ್ನೂ ಪರೀಕ್ಷಿಸಬೇಕು ಎಂದು ಡಾಕ್ಟರಮ್ಮ ಹೇಳಿದಾಗ ಅತ್ತೆ, "ನನ್ನ ಮಗನಿಗೇನು ಧಾಡಿ? ಅವನ ರಕ್ತ ಯಾಕೆ?" ಎಂದಿದ್ದರು. "ಮಗು ಇಬ್ಬರದೂ ತಾನೇ ಅಮ್ಮ," ಎಂದು ಅವನು ಅವಳಿಗಿಂತ ಮೊದಲೇ ಅಂಗಿಯ ತೋಳು ಮಡಚಿ ಕೂತಿದ್ದ. ದಿನವಿಡೀ ಸೂಜಿ ಹಿಡಿಯುವವನು ಆಗ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದ ಎಂಬುದು ಬೇರೆ ಮಾತು. ಇಬ್ಬರದೂ ಎಂದ ಆ ಒಂದು ಮಾತಿಗೆ ಅವಳು ಇವತ್ತಿಗೂ ಅವನಿಗೆ ಋಣಿ.

ವರ್ಣತಂತುಗಳು ಇಬ್ಬರದೂ ಸರಿಯಿದ್ದವು. ತೊಂದರೆ ಸಿಕ್ಕಿದ್ದು ಅವಳ ರಕ್ತದಲ್ಲಿ. "ರೋಗದಿಂದ ಮೈ ಕಾಯಬೇಕಾದ ಶಕ್ತಿ ನಿಮ್ಮಲ್ಲಿ ಸ್ವಂತ ಮೈ ಮೇಲೇ ತಿರುಗಿಬಿದ್ದಿದೆ," ಎಂದಿದ್ದರು ಡಾಕ್ಟರಮ್ಮ. "ಅದರಿಂದ ರಕ್ತ ಹೆಪ್ಪುಗಟ್ಟಿ ಮಗುವಿಗೆ ಹೋಗೋ ದಾರಿ ಕಟ್ಟಿಕೊಳ್ಳುತ್ತೆ. ನೀವೇನೋ ಮಾಡಿದ್ದಕ್ಕೆ ಆಗಿದ್ದಲ್ಲಮ್ಮ ಇದು." ಆ ಕೊನೆಯ ಮಾತಿಗೆ ಅವಳು ಅಲ್ಲೇ ಅತ್ತುಬಿಟ್ಟಿದ್ದಳು. ಎಷ್ಟೋ ದಿನದಿಂದ ಹೊತ್ತಿದ್ದ ಭಾರ ಇಳಿದಿತ್ತು. ನಾಲ್ಕನೆಯ ಸಲ ಬಸಿರಾದ ಕೂಡಲೇ, ರಕ್ತ ಹೆಪ್ಪುಗಟ್ಟದಂತೆ ದಿನಾ ಹೊಟ್ಟೆಗೊಂದು ಇಂಜೆಕ್ಷನ್ ಶುರುವಾಯಿತು.

"ಇಂಜೆಕ್ಷನ್ ಬಿಡೋದಾದ್ರೆ ಆಸ್ಪತ್ರೆಯವರು ಹೇಳಲಿ, ನೀವಲ್ಲ," ಎಂದಳು ಅವಳು. "ಕಲೆ ಹೋಗುತ್ತೆ ರೀ. ಈ ಸಲದ ಮಗೂನೂ ಹೋದ್ರೆ ನಾನು ತಡ್ಕೊಳ್ಳಲ್ಲ."

ಆ ದಿನದ ಇಂಜೆಕ್ಷನ್ ಚೀಲಕ್ಕೆ ಹಾಕಿಕೊಂಡು, ಅಂಗಡಿಯ ಬಾಗಿಲೆಳೆದು ಹೊರಟರು.

ಆಸ್ಪತ್ರೆಯ ನರ್ಸು ಕಲೆಗಳನ್ನು ನೋಡಿ ಹುಬ್ಬುಗಂಟಿಕ್ಕಿದರು. "ಒಂದೆರಡು ಬರೋದೇ. ಆದ್ರೆ ಇಷ್ಟೊಂದಾ? ಹೇಗೆ ಕೊಡ್ತೀರಿ, ನನ್ನೆದುರಿಗೇ ಕೊಡಿ."

ಅವನು ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಹಿಡಿದ, ಸೂಜಿ ಇಳಿಸಿದ, ನಿಧಾನವಾಗಿ ಮದ್ದು ಬಿಟ್ಟ. ಹೆಸರಿಡುವ ಹಾಗಿರಲಿಲ್ಲ. ಸೂಜಿ ಹೊರಗೆ ತೆಗೆದವನೇ ಹೆಬ್ಬೆರಳನ್ನು ಅಲ್ಲೇ ಒತ್ತಿ ಆಚೆಯಿಂದೀಚೆಗೆ ತೀಡಿದ.

"ಉಜ್ಜಿದ್ರೆ ಕಲೆಯಾಗುತ್ತೆ, ಉಜ್ಜಬೇಡಿ ಅಂತ ಮೊದಲ ದಿನವೇ ಹೇಳಿದ್ನಲ್ಲ," ಎಂದರು ನರ್ಸು.

"ಉಜ್ಜಿಲ್ಲ ಸಿಸ್ಟರ್," ಎಂದ ಅವನು, ಆಣೆ ಮಾಡುವಷ್ಟು ಪ್ರಾಮಾಣಿಕವಾಗಿ.

ಇಂಜೆಕ್ಷನ್ ಹೊತ್ತಿಗೆ ದಿನಾ ಕಣ್ಣು ಮುಚ್ಚಿ ಮಲಗುತ್ತಿದ್ದ ಅವಳು ಇಂದು ಮೊದಲ ಸಲ ನೋಡಿದ್ದಳು. ಆ ಬೆರಳಾಟವನ್ನು ಇಷ್ಟು ದಿನ ಸಮಾಧಾನಕ್ಕೆ ಸವರುತ್ತಾನೆ ಎಂದುಕೊಂಡಿದ್ದಳು. "ಹೊಲಿಗೆ ಕೂರಿಸ್ತಿದಾರೆ ಸಿಸ್ಟರ್," ಎಂದು ನಗತೊಡಗಿದಳು. "ಹೊಲಿದ ಮೇಲೆ ಹೆಬ್ಬೆರಳಲ್ಲಿ ತೀಡದೆ ಇವರು ಬಟ್ಟೆ ಕೆಳಗಿಡಲ್ಲ."

ಅವನು ತನ್ನ ಬೆರಳನ್ನು ತಿರುಗಿಸಿ ನೋಡಿಕೊಂಡ. ಕಿವಿ ಕೆಂಪಾಯಿತು. ನರ್ಸೂ ನಕ್ಕರು. "ಬಂದಿದ್ದೀರಿ, ಕೇಳಿಕೊಂಡೇ ಹೋಗಿ," ಎಂದು ಕಿಬ್ಬೊಟ್ಟೆಗೆ ಸಣ್ಣ ಯಂತ್ರ ಹಚ್ಚಿದರು. ಮೊದಲು ಬರೀ ಗೊರಗೊರ. ಆಮೇಲೆ ಉದ್ದ ಹೊಲಿಗೆಗೆ ಬಿಟ್ಟ ಮಿಷನ್ನಿನ ಹಾಗೆ ಬಿರುಸಾಗಿ, ಬಿಡದೆ ಮಗುವಿನ ಎದೆಬಡಿತ. ಹಿಂದಿನ ಮೂರೂ ಇಷ್ಟು ದಿನ ಉಳಿದಿರಲಿಲ್ಲ. ಅವಳು ನರ್ಸಿನ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಮರುದಿನ ಅದೇ ಟ್ರಯಲ್ ರೂಮು. ಸೂಜಿ ಹೊರಗೆ ಬಂತು. ಅವನ ಹೆಬ್ಬೆರಳು ತನ್ನ ಪಾಡಿಗೆ ಮುಂದೆ ಬಂದು ಹೊಟ್ಟೆಯ ಮೇಲೆ ಗಾಳಿಯಲ್ಲೇ ನಿಂತಿತು. ಎಲ್ಲಿಡಬೇಕೆಂದು ಅವನಿಗೆ ತೋಚಲಿಲ್ಲ.

ಅವಳು ಅದನ್ನು ತನ್ನ ಮುಷ್ಟಿಯೊಳಗೆ ಹಿಡಿದುಕೊಂಡಳು. ಹೊರಗೆ ಯಾರೋ ಗಿರಾಕಿ ಕರೆಯುತ್ತಿದ್ದರು. ಅವಳು ಬಿಡಲಿಲ್ಲ.